ತಿಂಗಳ ನೋವೋ, ಲೂಪಸ್ ಕೆರಳಿದ್ದೋ?

ನಮ್ಮ ಅಡುಗೆಮನೆಯ ಗೋಡೆಗೆ ಎರಡು ಕ್ಯಾಲೆಂಡರುಗಳು ನೇತಾಡುತ್ತವೆ. ದೊಡ್ಡದು ಮನೆಯದು: ಏಕಾದಶಿ, ಸಂಕಷ್ಟಿ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಹಾಲಿನ ಲೆಕ್ಕ. ಪಕ್ಕದ ಚಿಕ್ಕದು ನನ್ನದು. ಮುಟ್ಟಾದ ದಿನಗಳಿಗೆ ಕೆಂಪು ಚುಕ್ಕೆ, ಬೆಳಿಗ್ಗೆ ಎದ್ದಾಗ ಬೆರಳಿನ ಉಂಗುರ ತಿರುಗದಿದ್ದರೆ ನೀಲಿ ಗೀರು, ಜ್ವರ ನೋಡಿದ್ದರೆ ಅದರ ಅಂಕಿ. ನನಗೆ ಲೂಪಸ್ ಇದೆಯೆಂದು ಗೊತ್ತಾಗಿ 11 ವರ್ಷವಾಯಿತು, ಹೀಗೆ ಬರೆಯಲು ಶುರು ಮಾಡಿ 7 ವರ್ಷ. ಮೊದಲ ನಾಲ್ಕು ವರ್ಷದಲ್ಲಿ ಏನೇನಾಯಿತೆಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವುದು ನೆನಪು ಮಾತ್ರ. ನೋವಿನ ವಿಷಯದಲ್ಲಿ ನೆನಪಿನಷ್ಟು ಸುಳ್ಳುಸಾಕ್ಷಿ ಇನ್ನೊಂದಿಲ್ಲ.

ಆ ಕ್ಯಾಲೆಂಡರನ್ನು ದೂರದಿಂದ ನೋಡಿದರೆ ನೀಲಿ ಗೀರುಗಳು ಕೆಂಪು ಚುಕ್ಕೆಗಳ ಆಸುಪಾಸಿನಲ್ಲಿ, ಅದರಲ್ಲೂ ಚುಕ್ಕೆಗೆ ಎರಡು ಮೂರು ದಿನ ಮೊದಲು, ಗುಂಪುಗೂಡಿರುವುದು ಕಾಣುತ್ತದೆ. ಹತ್ತಿರ ಹೋಗಿ ಎಣಿಸಿದರೆ ಎಲ್ಲ ಗೀರುಗಳೂ ಅಲ್ಲಿಲ್ಲ. ನನ್ನನ್ನು ಆಸ್ಪತ್ರೆಗೆ ಸೇರಿಸಿದ ಎರಡೂ ಸಲದ ಗೀರುಗಳು ಚುಕ್ಕೆಗಳಿಂದ ಬಹಳ ದೂರದಲ್ಲಿವೆ. ಲೂಪಸ್ ಇರುವ ಹೆಣ್ಣುಮಕ್ಕಳ ತಿಂಗಳ ಗೊಂದಲವೆಲ್ಲ ಇಷ್ಟರಲ್ಲೇ ಇದೆ. ಮನೆಯವರು ‘ಮುಟ್ಟಿನ ಸುಸ್ತು, ಎಲ್ಲರಿಗೂ ಇರುವುದೇ’ ಎನ್ನುತ್ತಾರೆ. ನಾವು ಒಳಗೊಳಗೇ ‘ಮತ್ತೆ ಕೆರಳಿತೋ ಏನೋ’ ಎಂದು ಹೆದರುತ್ತೇವೆ. ಇಬ್ಬರೂ ಕೆಲವು ಸಲ ಸರಿ, ಕೆಲವು ಸಲ ತಪ್ಪು.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಮುಖದ ಮೇಲಿನ ಹುಣ್ಣು ತೋಳ ಕಚ್ಚಿದ ಹಾಗಿದೆಯೆಂದು ಮಧ್ಯಯುಗದ ಯುರೋಪಿನ ವೈದ್ಯರು ಕೊಟ್ಟ ಹೆಸರು ಅದು. ಈಗ ಡಾಕ್ಟರ ಚೀಟಿಯಲ್ಲಿ ಅದು ಎಸ್‌ಎಲ್‌ಇ ಎಂಬ ಮೂರಕ್ಷರವಾಗಿದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮದೇ ಜೀವಕೋಶಗಳ ಒಳಗಿನ ಡಿಎನ್‌ಎಯನ್ನು ಹೊರಗಿನದೆಂದು ತಿಳಿದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೀಲು, ಚರ್ಮ, ಮೂತ್ರಪಿಂಡ, ರಕ್ತ, ಶ್ವಾಸಕೋಶದ ಪೊರೆ, ಕೆಲವರಲ್ಲಿ ಮಿದುಳು ಕೂಡ, ಎಲ್ಲಿ ಬೇಕಾದರೂ ಮೇಯಬಹುದು. ಔಷಧಿಯಿಂದ ಅದು ಬೂದಿ ಮುಚ್ಚಿದ ಕೆಂಡದ ಹಾಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆಪ್ಪಗಿರುತ್ತದೆ, ಆಮೇಲೆ ಒಂದು ದಿನ ಕೆರಳುತ್ತದೆ. ಆ ಕೆರಳುವಿಕೆಗೆ ನಾವೆಲ್ಲ ‘ಫ್ಲೇರ್’ ಎನ್ನುತ್ತೇವೆ.

ಲೂಪಸ್ ಇರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅವರಲ್ಲಿ ಹೆಚ್ಚಿನವರಿಗೆ ಅದು ಶುರುವಾಗುವುದು ಮುಟ್ಟು ಬರುವ ವಯಸ್ಸಿನಲ್ಲಿ. ಮೈನೆರೆಯುವ ಮುಂಚೆ ಹುಡುಗ ಹುಡುಗಿಯರ ನಡುವೆ ಇಷ್ಟು ಅಂತರವಿರುವುದಿಲ್ಲ, ಮುಟ್ಟು ನಿಂತ ಮೇಲೆ ಆ ಅಂತರ ಮತ್ತೆ ಕುಗ್ಗುತ್ತದೆ. ಇದನ್ನು ನೋಡಿದವರಿಗೆ ಮೊದಲು ಅನುಮಾನ ಬರುವುದು ಈಸ್ಟ್ರೋಜನ್ ಎಂಬ ಹಾರ್ಮೋನಿನ ಮೇಲೆ. ಅನುಮಾನಕ್ಕೆ ಆಧಾರವೂ ಇದೆ: ಪ್ರತಿಕಾಯ ತಯಾರಿಸುವ ಬಿ ಕೋಶಗಳು ಈಸ್ಟ್ರೋಜನ್ ಇದ್ದಾಗ ಹೆಚ್ಚು ಕಾಲ ಬದುಕುತ್ತವೆ, ಹೆಚ್ಚು ಪ್ರತಿಕಾಯ ಸುರಿಯುತ್ತವೆ. ಆದರೆ ಎಲ್ಲ ತಪ್ಪನ್ನೂ ಹಾರ್ಮೋನಿನ ತಲೆಗೆ ಕಟ್ಟುವಂತಿಲ್ಲ. ಎಕ್ಸ್ ವರ್ಣತಂತು ಒಂದು ಹೆಚ್ಚಾಗಿರುವ, ಅಂದರೆ ಎಕ್ಸ್‌ಎಕ್ಸ್‌ವೈ ಆಗಿ ಹುಟ್ಟಿದ ಗಂಡಸರಿಗೆ ಲೂಪಸ್ ಬರುವ ಸಾಧ್ಯತೆ ಉಳಿದ ಗಂಡಸರಿಗಿಂತ ಸುಮಾರು 14 ಪಟ್ಟು ಹೆಚ್ಚು. ಹೆಣ್ಣಿನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಸುಮ್ಮನಾಗಿಸುವ ವ್ಯವಸ್ಥೆ ಪ್ರತಿ ಜೀವಕೋಶದಲ್ಲಿದೆ. ಟಿಎಲ್‌ಆರ್7 ಎಂಬ ಒಂದು ಜೀನ್ ಅದರ ಕೈಗೂ ಸಿಗದೆ ಕೆಲವು ಕೋಶಗಳಲ್ಲಿ ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ವೈರಸ್ ಬಂತೆಂದು ಕೂಗುವ ಕಾವಲುಗಾರ ಅದು. ಒಬ್ಬನ ಬದಲು ಇಬ್ಬರು ಕೂಗಿದರೆ ಏನಾಗುತ್ತದೆಂದು ಊಹಿಸಬಹುದು.

ಇನ್ನು ತಿಂಗಳ ಚಕ್ರಕ್ಕೆ ಬರೋಣ. ಮುಟ್ಟಿನ ಮೊದಲ ದಿನವನ್ನು ಒಂದೆಂದು ಎಣಿಸಿದರೆ, 28 ದಿನದ ಚಕ್ರದಲ್ಲಿ 12, 13ನೇ ದಿನದ ಹೊತ್ತಿಗೆ ಈಸ್ಟ್ರೋಜನ್ ಶಿಖರಕ್ಕೇರುತ್ತದೆ. ಅಂಡ ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಏರುತ್ತದೆ, ಜೊತೆಗೆ ಈಸ್ಟ್ರೋಜನ್ ಎರಡನೇ ಸಲ ಸ್ವಲ್ಪ ಏರುತ್ತದೆ. ಪ್ರೊಜೆಸ್ಟರಾನ್ ಒಟ್ಟಾರೆ ಉರಿಯೂತವನ್ನು ತಣಿಸುವ ಸ್ವಭಾವದ್ದು. ಗರ್ಭ ನಿಲ್ಲದಿದ್ದರೆ ಕೊನೆಯ ನಾಲ್ಕೈದು ದಿನಗಳಲ್ಲಿ ಎರಡೂ ಒಟ್ಟಿಗೆ ಇಳಿಯುತ್ತವೆ. ಗರ್ಭಕೋಶದ ಒಳಪದರಕ್ಕೆ ಬಿಳಿ ರಕ್ತಕಣಗಳು ನುಗ್ಗುತ್ತವೆ, ಪದರ ಕಳಚುತ್ತದೆ, ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಬಿಡುಗಡೆಯಾಗಿ ಹೊಟ್ಟೆ ಹಿಂಡುತ್ತದೆ, ತಲೆ ಸಿಡಿಯುತ್ತದೆ, ಕೆಲವರಿಗೆ ಭೇದಿಯೂ ಆಗುತ್ತದೆ. ಅಂದರೆ ಲೂಪಸ್ ಇರಲಿ ಬಿಡಲಿ, ಮುಟ್ಟು ತಾನೇ ಒಂದು ಪುಟ್ಟ ಉರಿಯೂತ. ತಣಿಸುವವಳು ಮನೆಯಿಂದ ಹೊರಟ ಹೊತ್ತಿನಲ್ಲೇ ಒಲೆ ಹಚ್ಚಿದ ಹಾಗೆ.

ಈ ಹೊತ್ತಿನಲ್ಲಿ ಮೈಕೈ ನೋವು, ಕೀಲು ಬಿಗಿತ, ಬಾಯಿಹುಣ್ಣು, ಎದ್ದು ನಿಲ್ಲಲಾಗದ ಸುಸ್ತು ಹೆಚ್ಚುತ್ತವೆಂದು ಲೂಪಸ್ ಇರುವ ಹೆಂಗಸರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಅವರನ್ನು ಕೇಳಿ ಮಾಡಿದ ಅಧ್ಯಯನಗಳಲ್ಲೂ ಅದೇ ಉತ್ತರ ಬಂದಿದೆ. ಆದರೆ ರಕ್ತದಲ್ಲಿ ರೋಗದ ಗುರುತುಗಳು ಪ್ರತಿ ತಿಂಗಳೂ ತಪ್ಪದೆ ಏರಿ ಇಳಿಯುತ್ತವೆ ಎಂದು ಯಾರೂ ಸಾಬೀತುಪಡಿಸಿಲ್ಲ. ಇದರರ್ಥ ನಮ್ಮ ನೋವು ಸುಳ್ಳೆಂದಲ್ಲ. ನೋವು ಏರುವುದಕ್ಕೂ ರೋಗ ಏರುವುದಕ್ಕೂ ವ್ಯತ್ಯಾಸವಿದೆ ಎಂದರ್ಥ. ನಿದ್ದೆಗೆಟ್ಟ, ಹೊಟ್ಟೆ ಹಿಂಡುತ್ತಿರುವ ದಿನ ಮೊದಲೇ ನೋಯುತ್ತಿದ್ದ ಮಣಿಕಟ್ಟು ಇನ್ನಷ್ಟು ನೋಯುತ್ತದೆ. ಮಣಿಕಟ್ಟಿನೊಳಗೆ ಹೊಸ ಹಾನಿಯೇನೂ ಆಗದೆ ಇರಬಹುದು.

ನಾನು ಬಳಸುವ ಅಳತೆಗೋಲು ಸರಳ: ಮುಟ್ಟಿನ ಜೊತೆ ಬಂದದ್ದು ಮುಟ್ಟಿನ ಜೊತೆ ಹೋಗುತ್ತದೆಯೇ? ರಕ್ತ ಕಾಣಿಸಿಕೊಂಡ ಎರಡು ಮೂರನೇ ದಿನಕ್ಕೆ ಉಂಗುರ ಸಡಿಲವಾದರೆ ಸುಮ್ಮನಿರುತ್ತೇನೆ. ವಾರ ಕಳೆದರೂ ಚಪಾತಿ ಹಿಟ್ಟು ನಾದಲಾಗದಿದ್ದರೆ, ಬೆಳಗಿನ ಬಿಗಿತ ಒಂದು ತಾಸಿಗಿಂತ ಹೆಚ್ಚು ಎಳೆದರೆ, ಫೋನ್ ಮಾಡುತ್ತೇನೆ. ಊತವೂ ಹಾಗೆಯೇ. ಮುಟ್ಟಿಗೆ ಮುಂಚೆ ಮೈಯಲ್ಲಿ ನೀರು ನಿಲ್ಲುವುದು ಸಾಮಾನ್ಯ, ಸ್ರಾವ ಶುರುವಾದ ಮೇಲೆ ಅದು ಇಳಿಯುತ್ತದೆ. ಪಾದದ ಊತ ಇಳಿಯದೆ ಉಳಿದು, ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಂಡು, ಮೂತ್ರದಲ್ಲಿ ನೊರೆ ನಿಂತರೆ ಅದು ಮೂತ್ರಪಿಂಡದ ಮಾತು. ಜ್ವರದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಂಡ ಬಿಡುಗಡೆಯಾದ ಮೇಲೆ ಮುಟ್ಟಾಗುವವರೆಗೆ ಎಲ್ಲ ಹೆಂಗಸರ ಮೈಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿರುತ್ತದೆ. ಥರ್ಮಾಮೀಟರ್ 99 ಫ್ಯಾರನ್‌ಹೀಟ್ ತೋರಿಸಿದರೆ ಗಾಬರಿ ಬೇಡ. 100.4 ದಾಟಿತೋ, ಅದನ್ನು ಮುಟ್ಟಿನ ಲೆಕ್ಕಕ್ಕೆ ಹಾಕಬಾರದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವವರಿಗೆ ಅದು ಸೋಂಕಾಗಿರಬಹುದು, ಸೋಂಕಿಗೆ ನಾಳೆಯವರೆಗೆ ಕಾಯುವ ತಾಳ್ಮೆ ಇರುವುದಿಲ್ಲ. ಎದೆ ಚುಚ್ಚಿ ಉಸಿರಾಡಲು ಕಷ್ಟವಾಗುವುದು, ಮಾತು ತೊದಲುವುದು, ಮೂರ್ಛೆ, ಒಂದೇ ಕಾಲು ಊದಿ ನೋಯುವುದು, ಇವು ತಿಂಗಳ ಯಾವ ದಿನ ಬಂದರೂ ನೇರ ಆಸ್ಪತ್ರೆಯ ದಾರಿ.

ಈಗ ನನ್ನ ಕ್ಯಾಲೆಂಡರ್ ಹುಟ್ಟಿದ ಕಥೆ ಹೇಳಬೇಕು, ಏಕೆಂದರೆ ಅದು ನೋವಿನಿಂದ ಹುಟ್ಟಿದ್ದಲ್ಲ, ಒಂದು ಪ್ಲಾಸ್ಟಿಕ್ ಡಬ್ಬಿಯಿಂದ ಹುಟ್ಟಿದ್ದು. ಮೂರು ತಿಂಗಳಿಗೊಮ್ಮೆ ಮಾಡುವ ಪರೀಕ್ಷೆಗಳಲ್ಲಿ ಮೂತ್ರದ್ದೂ ಒಂದು. ಅಂದು ನನಗೆ ಮುಟ್ಟಿನ ಎರಡನೇ ದಿನ. ಲ್ಯಾಬಿನ ಹುಡುಗಿ ಡಬ್ಬಿ ಕೊಟ್ಟಳು, ಮಧ್ಯದ ಮೂತ್ರ ಹಿಡಿಯಬೇಕೆಂದಳು, ಮುಟ್ಟಿನ ವಿಷಯ ಕೇಳಲಿಲ್ಲ. ಸಾಲಿನಲ್ಲಿ ಹಿಂದೆ ಗಂಡಸರಿದ್ದರು, ನಾನೂ ಹೇಳಲಿಲ್ಲ. ಸಂಜೆ ಬಂದ ವರದಿಯಲ್ಲಿ ಪ್ರೋಟೀನ್ ಎರಡು ಪ್ಲಸ್, ಕೆಂಪು ರಕ್ತಕಣ ‘ಹೇರಳ’. ಲೂಪಸ್ ಇರುವವರಿಗೆ ಈ ಎರಡು ಸಾಲುಗಳ ಅರ್ಥ ಬಾಯಿಪಾಠ: ರೋಗ ಮೂತ್ರಪಿಂಡಕ್ಕೆ ಇಳಿದಿದೆ. ಬಯಾಪ್ಸಿ ಮಾಡಬೇಕಾಗಬಹುದು ಎಂಬ ಮಾತು ಬಂತು. ಮನೆಯಲ್ಲಿ ಆ ರಾತ್ರಿ ಯಾರೂ ಊಟ ಮಾಡಲಿಲ್ಲ. ಮರುದಿನ ನನ್ನ ಕೀಲುವಾತ ತಜ್ಞರು ವರದಿಯನ್ನು ಕೆಳಗಿಟ್ಟು ಕೇಳಿದ ಮೊದಲ ಪ್ರಶ್ನೆ, ‘ನಿನ್ನೆ ಹೊರಗಿದ್ದೆಯೇನಮ್ಮಾ?’ ಎಂದು. ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದಾಗ ಪ್ರೋಟೀನೂ ಇಲ್ಲ, ರಕ್ತವೂ ಇಲ್ಲ.

ಮುಟ್ಟಿನ ರಕ್ತ ಮೂತ್ರದ ಡಬ್ಬಿಗೆ ಬಿದ್ದರೆ ಅದು ಕೆಂಪು ಕಣಗಳನ್ನೂ ಪ್ರೋಟೀನನ್ನೂ ಜೊತೆಗೇ ತರುತ್ತದೆ. ಹಾಗಾಗಿ ನಿಯಮಿತ ತಪಾಸಣೆಯ ಮೂತ್ರವನ್ನು ಸ್ರಾವ ಪೂರ್ತಿ ನಿಂತು ಎರಡು ಮೂರು ದಿನವಾದ ಮೇಲೆ ಕೊಡುವುದು ಒಳ್ಳೆಯದು. ಮೂತ್ರದ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ 0.5 ದಾಟಿದರೆ ವೈದ್ಯರು ಕಿವಿ ನೆಟ್ಟಗೆ ಮಾಡುತ್ತಾರೆ. ಆ ಸಂಖ್ಯೆ ಸರಿಯಾದ ದಿನದ್ದಾಗಿರಬೇಕು. ಊತ, ನೊರೆ, ರಕ್ತದೊತ್ತಡ ಎಲ್ಲವೂ ಇದ್ದು ಕಾಯುವ ಹೊತ್ತಿಲ್ಲದಿದ್ದರೆ ಮಾತು ಬೇರೆ. ಆಗ ಯಾವ ದಿನವೇ ಇರಲಿ ಪರೀಕ್ಷೆ ಆಗಬೇಕು, ಆದರೆ ಡಬ್ಬಿಯ ಮೇಲೆ ‘ಮುಟ್ಟಿನ ಎರಡನೇ ದಿನ’ ಎಂದು ಬರೆಸಬೇಕು. ಸೂಕ್ಷ್ಮದರ್ಶಕದಲ್ಲಿ ನೋಡುವವರು ಆಗ ಮೂತ್ರಪಿಂಡದಿಂದ ಬಂದ ಆಕಾರಗೆಟ್ಟ ಕಣಗಳನ್ನೂ, ಅವು ಅಚ್ಚು ಹೊಯ್ದಂತೆ ಅಂಟಿಕೊಂಡ ಕೊಳವೆಗಳನ್ನೂ ಹುಡುಕುತ್ತಾರೆ. ಮುಟ್ಟಿನ ರಕ್ತದಲ್ಲಿ ಅವು ಇರುವುದಿಲ್ಲ.

ಇಎಸ್‌ಆರ್ ಎಂಬ ಪರೀಕ್ಷೆಗೂ ಇಂಥದೇ ಒಂದು ಕುಂಟು ಇದೆ. ಅದು ಏರಿದರೆ ಉರಿಯೂತ ಏರಿದೆ ಎನ್ನುತ್ತಾರೆ, ಆದರೆ ರಕ್ತಹೀನತೆ ಇದ್ದರೂ ಅದು ಏರುತ್ತದೆ. ತಿಂಗಳು ತಿಂಗಳೂ ಹೆಚ್ಚು ರಕ್ತ ಹೋಗಿ ಹಿಮೋಗ್ಲೋಬಿನ್ 9ಕ್ಕೆ ಇಳಿದವಳ ಇಎಸ್‌ಆರ್ ನೋಡಿ ಲೂಪಸ್ ಕೆರಳಿದೆ ಎಂದು ಸ್ಟಿರಾಯ್ಡ್ ಏರಿಸಿದರೆ, ಬೇಕಾಗಿದ್ದ ಕಬ್ಬಿಣದ ಮಾತ್ರೆಯ ಬದಲು ಬೇಡದ ಮಾತ್ರೆ ಹೊಟ್ಟೆ ಸೇರುತ್ತದೆ. ಸಿ3, ಸಿ4 ಎಂಬ ಪೂರಕ ಪ್ರೋಟೀನುಗಳು ಇಳಿದಿವೆಯೇ, ಡಿಎನ್‌ಎ ವಿರುದ್ಧದ ಪ್ರತಿಕಾಯ ಏರಿದೆಯೇ ಎಂಬುದನ್ನು ಅದರ ಜೊತೆಗಿಟ್ಟು ಓದಿದರೇ ಚಿತ್ರ ಪೂರ್ತಿಯಾಗುವುದು. ಲೂಪಸ್‌ನಲ್ಲಿ ಕೆಂಪು ರಕ್ತಕಣಗಳೇ ಒಡೆದುಹೋಗುವ ಇನ್ನೊಂದು ಬಗೆಯ ರಕ್ತಹೀನತೆಯೂ ಇದೆ. ಅದಕ್ಕೆ ಕೂಂಬ್ಸ್ ಪರೀಕ್ಷೆ ಬೇರೆ. ‘ನಿಮಗೆ ರಕ್ತ ಕಡಿಮೆ, ನುಗ್ಗೇಸೊಪ್ಪು ತಿನ್ನಿ’ ಎಂಬಲ್ಲಿಗೆ ಮಾತು ಮುಗಿಸುವವರಿಗೆ ನುಗ್ಗೇಸೊಪ್ಪಿನ ಮೇಲೆ ನನಗಿಲ್ಲದ ನಂಬಿಕೆ ಇದೆ.

ನೋವಿಗೆ ಮಾತ್ರೆ ಹುಡುಕುವ ಕೈ ಎಲ್ಲರ ಮನೆಯಲ್ಲೂ ಒಂದೇ ಡಬ್ಬಿಗೆ ಹೋಗುತ್ತದೆ. ಮೆಫೆನಮಿಕ್ ಆಸಿಡ್ ಇರುವ ಹೊಟ್ಟೆನೋವಿನ ಮಾತ್ರೆ ಕಾಲೇಜು ಹುಡುಗಿಯರ ಬ್ಯಾಗಿನಲ್ಲಿ ಪೆನ್ನಿನಷ್ಟೇ ಸಾಮಾನ್ಯ. ಇದೂ ಐಬುಪ್ರೊಫೇನ್, ಡೈಕ್ಲೊಫೆನಾಕ್ ಗುಂಪಿಗೆ ಸೇರಿದ್ದು. ಈ ಗುಂಪಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಮೂತ್ರಪಿಂಡದಲ್ಲಿ ಈಗಾಗಲೇ ಲೂಪಸ್ ಇರುವವರಿಗೆ ಅದು ಗಾಯದ ಮೇಲೆ ಬರೆ. ಸ್ಟಿರಾಯ್ಡ್ ಜೊತೆ ಸೇರಿದರೆ ಜಠರದ ಹುಣ್ಣು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವ. 2023ರ ಕೊನೆಯಲ್ಲಿ ಭಾರತೀಯ ಔಷಧಕೋಶ ಆಯೋಗ ಮೆಫೆನಮಿಕ್ ಆಸಿಡ್ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೊರಡಿಸಿತು: ಅಪರೂಪಕ್ಕೆ ಅದು ಡ್ರೆಸ್ ಎಂಬ ತೀವ್ರ ಅಲರ್ಜಿ ತರಬಹುದು. ಜ್ವರ, ಮೈಮೇಲೆ ದದ್ದು, ಗ್ರಂಥಿಗಳ ಊತ ಅದರ ಲಕ್ಷಣಗಳು. ಲೂಪಸ್ ಕೆರಳಿದರೂ ಇವೇ ಲಕ್ಷಣಗಳು! ಮಾತ್ರೆ ನುಂಗಿದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಎನ್ನುವುದು ಇದಕ್ಕೇ. ಮೂತ್ರಪಿಂಡ ಚೆನ್ನಾಗಿರುವವರಿಗೆ ಅವರ ವೈದ್ಯರು ಒಂದೆರಡು ದಿನಕ್ಕೆ ಈ ಮಾತ್ರೆಗಳಿಗೆ ಒಪ್ಪಬಹುದು. ನನ್ನದು ಬಿಸಿನೀರಿನ ಚೀಲ ಮತ್ತು ಪ್ಯಾರಾಸಿಟಮಾಲ್, ಅದೂ ಲೆಕ್ಕದಲ್ಲಿ.

ಇದಕ್ಕಿಂತ ನನ್ನನ್ನು ಹೆಚ್ಚು ಹೆದರಿಸುವ ಮಾತ್ರೆ ಇನ್ನೊಂದಿದೆ. ಶ್ರಾವಣ ಬಂದರೆ ವರಮಹಾಲಕ್ಷ್ಮಿ ಹಬ್ಬ, ಆಮೇಲೆ ಗೌರಿ, ನಡುವೆ ಒಂದೆರಡು ಗೃಹಪ್ರವೇಶ, ಸೊಸೆಯ ಸೀಮಂತ. ಹಬ್ಬದ ದಿನ ಮುಟ್ಟಾಗಿಬಿಟ್ಟರೆ ಎಂಬ ಭಯಕ್ಕೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಪರಿಹಾರ ಮುಟ್ಟು ಮುಂದೂಡುವ ಮಾತ್ರೆ. ಅತ್ತಿಗೆ ನಾದಿನಿಯರು ಒಬ್ಬರಿಗೊಬ್ಬರು ಹಂಚಿಕೊಳ್ಳುವಷ್ಟು ಸಲೀಸು. ಅದರಲ್ಲಿರುವುದು ನಾರ್‌ಎಥಿಸ್ಟೆರಾನ್, ಸಾಮಾನ್ಯವಾಗಿ 5 ಮಿಲಿಗ್ರಾಂನ ಮಾತ್ರೆ ದಿನಕ್ಕೆ ಮೂರು. ಇದು ಪ್ರೊಜೆಸ್ಟರಾನ್ ಜಾತಿಯದು, ಈಸ್ಟ್ರೋಜನ್ ಅಲ್ಲ, ಆದ್ದರಿಂದ ಭಯವಿಲ್ಲ ಎಂದು ಹಲವರು ತಿಳಿದಿದ್ದಾರೆ. ಆದರೆ ಈ ಪ್ರಮಾಣದಲ್ಲಿ ನುಂಗಿದಾಗ ಅದರ ಒಂದಂಶ ಮೈಯೊಳಗೆ ಎಥಿನೈಲ್ ಈಸ್ಟ್ರಡಯಾಲ್ ಆಗಿ ಬದಲಾಗುತ್ತದೆ. ಗರ್ಭನಿರೋಧಕ ಗುಳಿಗೆಯಲ್ಲಿರುವ ಈಸ್ಟ್ರೋಜನ್ ಅದೇ. ಬಾಗಿಲಲ್ಲಿ ತಡೆದವನು ಕಿಟಕಿಯಿಂದ ಒಳಗೆ ಬಂದಂತೆ.

ಲೂಪಸ್ ಇರುವ ಸುಮಾರು ಮೂರರಲ್ಲಿ ಒಬ್ಬರ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳಿರುತ್ತವೆ. ಅವು ರಕ್ತವನ್ನು ನಾಳದೊಳಗೇ ಹೆಪ್ಪುಗಟ್ಟಿಸುತ್ತವೆ: ಕಾಲಿನಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ. ಪದೇ ಪದೇ ಗರ್ಭಪಾತವಾಗುವುದಕ್ಕೂ ಅವು ಒಂದು ಕಾರಣ. ಅವುಗಳಲ್ಲಿ ಒಂದರ ಹೆಸರು ‘ಲೂಪಸ್ ಆಂಟಿಕೋಯಾಗ್ಯುಲೆಂಟ್’, ಅಂದರೆ ಹೆಪ್ಪುಗಟ್ಟದಂತೆ ಮಾಡುವುದು. ಪರೀಕ್ಷಾನಾಳದಲ್ಲಿ ಹಾಗೆ ಮಾಡುತ್ತದೆ, ಮೈಯಲ್ಲಿ ತದ್ವಿರುದ್ಧ. ಹೆಸರಿಟ್ಟವರನ್ನು ಬೈಯುವುದು ಬಿಟ್ಟರೆ ನಾವೇನೂ ಮಾಡುವಂತಿಲ್ಲ. ಈ ಪ್ರತಿಕಾಯ ಇರುವವರ ಮೈಗೆ ಈಸ್ಟ್ರೋಜನ್ ಸೇರಿದರೆ ಹೆಪ್ಪಿನ ಅಪಾಯ ಏರುತ್ತದೆ. ಆದ್ದರಿಂದ ಈ ಪ್ರತಿಕಾಯಗಳನ್ನು ಹುಡುಕುವ ಮೂರು ಪರೀಕ್ಷೆಗಳ ಕಟ್ಟನ್ನು ಒಮ್ಮೆ ಮಾಡಿಸಿ, 12 ವಾರ ಬಿಟ್ಟು ಮತ್ತೊಮ್ಮೆ ಖಚಿತಪಡಿಸಿಕೊಳ್ಳದೆ, ಹಬ್ಬಕ್ಕೆಂದು ಯಾರೋ ಕೊಟ್ಟ ಮಾತ್ರೆಯನ್ನು ನುಂಗಬಾರದು. ಕಳಸಕ್ಕೆ ಸೀರೆ ಉಡಿಸಲು ಮನೆಯಲ್ಲಿ ಬೇರೆ ಯಾರೂ ಇಲ್ಲವೇ ಎಂದು ನಾನು ಕೇಳಿದ್ದೇನೆ. ಆ ವರ್ಷ ನಮ್ಮ ಅತ್ತೆಯೇ ಉಡಿಸಿದರು, ಚೆನ್ನಾಗಿಯೇ ಉಡಿಸಿದರು.

ಹಾಗಾದರೆ ಗರ್ಭನಿರೋಧಕ ಗುಳಿಗೆ ಲೂಪಸ್ ಇರುವ ಯಾರಿಗೂ ಸಲ್ಲದೇ? ಬಹಳ ಕಾಲ ವೈದ್ಯರೂ ಹಾಗೆಯೇ ಭಾವಿಸಿದ್ದರು. 2005ರಲ್ಲಿ ಅಮೆರಿಕದ ಸೆಲೀನಾ ಎಂಬ ಅಧ್ಯಯನ ಪ್ರಕಟವಾಯಿತು. ಲೂಪಸ್ ಶಾಂತವಾಗಿದ್ದ ಅಥವಾ ಸ್ಥಿರವಾಗಿದ್ದ 183 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಗುಳಿಗೆ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ವರ್ಷ ಕಾದರು. ತೀವ್ರವಾಗಿ ಕೆರಳಿದ್ದು ಆ ಗುಂಪಿನಲ್ಲಿ 7 ಮಂದಿಗೆ, ಈ ಗುಂಪಿನಲ್ಲೂ 7 ಮಂದಿಗೆ. ಈಸ್ಟ್ರೋಜನ್ನೇ ಖಳನಾಯಕ ಎಂಬ ಸರಳ ಕಥೆ ಅಲ್ಲಿಗೆ ಮುರಿಯಿತು. ಆದರೆ ಗಮನಿಸಬೇಕಾದದ್ದು ಅಲ್ಲಿ ಯಾರನ್ನು ಸೇರಿಸಿರಲಿಲ್ಲ ಎಂಬುದನ್ನು: ರೋಗ ತೀವ್ರವಾಗಿದ್ದವರನ್ನು, ಹೆಪ್ಪಿನ ಅಪಾಯವಿದ್ದವರನ್ನು. ಅಂಥವರಿಗೆ ಈಗ ವೈದ್ಯರು ಸೂಚಿಸುವುದು ಗರ್ಭಕೋಶದೊಳಗೆ ಇಡುವ ಸಾಧನ ಅಥವಾ ಪ್ರೊಜೆಸ್ಟರಾನ್ ಮಾತ್ರವಿರುವ ಕಡಿಮೆ ಪ್ರಮಾಣದ ಗುಳಿಗೆ. ಸಾಧನದಲ್ಲೂ ತಾಮ್ರದ್ದು ಸ್ರಾವವನ್ನು ಹೆಚ್ಚಿಸಬಹುದು, ಹಾರ್ಮೋನಿನದು ತಗ್ಗಿಸುತ್ತದೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಈ ಒಂದು ವ್ಯತ್ಯಾಸವೇ ದೊಡ್ಡದು.

ಸ್ರಾವದ ಪ್ರಮಾಣವನ್ನು ಕುರಿತು ನಮ್ಮಲ್ಲಿ ಮಾತನಾಡುವುದು ಕಡಿಮೆ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದರೆ, ದೊಡ್ಡ ದೊಡ್ಡ ಗಡ್ಡೆಗಳು ಹೋದರೆ, ಏಳು ದಿನ ದಾಟಿದರೆ ಅದು ಹೆಚ್ಚೇ. ಲೂಪಸ್ ಕೆಲವರಲ್ಲಿ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತದೆ. ಒಂದೂವರೆ ಲಕ್ಷದ ಮೇಲಿರಬೇಕಾದದ್ದು ಇಪ್ಪತ್ತು ಮೂವತ್ತು ಸಾವಿರಕ್ಕೆ ಕುಸಿದಾಗ ಅದು ಮೊದಲು ಕಾಣಿಸಿಕೊಳ್ಳುವುದು ನಿಲ್ಲದ ಮುಟ್ಟಿನ ರೂಪದಲ್ಲೇ ಇರಬಹುದು. ಕಾಲಿನ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು, ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಜೊತೆಗಿದ್ದರೆ ಅಂದೇ ರಕ್ತ ಪರೀಕ್ಷೆ ಆಗಬೇಕು. ಸ್ರಾವ ನಿಲ್ಲಿಸಲು ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಮದ್ದು. ಸ್ತ್ರೀರೋಗ ತಜ್ಞರ ಬಳಿ ಹೋದಾಗ ಲೂಪಸ್ ಫೈಲನ್ನು ಮನೆಯಲ್ಲಿ ಬಿಟ್ಟುಹೋಗಬಾರದು. ಎರಡು ಡಾಕ್ಟರುಗಳ ನಡುವಿನ ಸೇತುವೆ ನಾವೇ, ಸಂಬಳವಿಲ್ಲದ ಕೆಲಸ.

ಮುಟ್ಟು ಬಾರದಿರುವುದಕ್ಕೂ ಲೂಪಸ್‌ಗೂ ನಂಟಿದೆ. ರೋಗ ಜೋರಾಗಿದ್ದಾಗ, ಸ್ಟಿರಾಯ್ಡ್ ಪ್ರಮಾಣ ಹೆಚ್ಚಿದ್ದಾಗ ಚಕ್ರ ತಪ್ಪುತ್ತದೆ. ಮೂತ್ರಪಿಂಡಕ್ಕೆ ರೋಗ ತಗುಲಿದಾಗ ಕೊಡುವ ಸೈಕ್ಲೋಫಾಸ್ಫಮೈಡ್ ಅಂಡಾಶಯವನ್ನೇ ಸೊರಗಿಸಬಲ್ಲದು; ವಯಸ್ಸು ಹೆಚ್ಚಿದಷ್ಟೂ, ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಎರಡು ವಾರಕ್ಕೊಮ್ಮೆ 500 ಮಿಲಿಗ್ರಾಂನಂತೆ ಆರು ಸಲ ಕೊಡುವ ಕಡಿಮೆ ಪ್ರಮಾಣದ ಪದ್ಧತಿ ಈ ವಿಷಯದಲ್ಲಿ ಮೆದು. ಮಕ್ಕಳು ಬೇಕೆನ್ನುವವರು ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಬಾಯಿಬಿಟ್ಟು ಕೇಳಬೇಕು. ಆಮೇಲೆ ಕೇಳಿದರೆ ಉತ್ತರವಿರುವುದಿಲ್ಲ. ಇನ್ನು ಮೈಕೋಫಿನೊಲೇಟ್ ಅಥವಾ ಮೆಥೊಟ್ರೆಕ್ಸೇಟ್ ನುಂಗುತ್ತಿರುವವಳ ಮುಟ್ಟು ತಪ್ಪಿದರೆ, ‘ಲೂಪಸ್ ಅಲ್ಲವೇ, ಹೀಗೆಯೇ’ ಎಂದು ಸುಮ್ಮನಿರುವ ಹಾಗಿಲ್ಲ. ಇವೆರಡೂ ಗರ್ಭದ ಕೂಸಿಗೆ ಹಾನಿ ಮಾಡುವ ಔಷಧಿಗಳು. ಅದೇ ದಿನ ಗರ್ಭಪರೀಕ್ಷೆ, ಅದೇ ದಿನ ಡಾಕ್ಟರಿಗೆ ಫೋನ್.

ದಿನದ ಮಾತ್ರೆಯ ವಿಷಯದಲ್ಲಿ ಒಂದು ಸಾಮಾನ್ಯ ಕುಚೇಷ್ಟೆ, ನಾನೂ ಮಾಡಿದ್ದು: ಮುಟ್ಟಿನ ದಿನ ಹತ್ತಿರ ಬಂತೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದು ಹೆಚ್ಚು ನುಂಗುವುದು. ಪ್ರಯೋಜನವಿಲ್ಲ. ಅದು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 40 ದಿನ ಬೇಕು, ಅಷ್ಟು ನಿಧಾನದ ಮದ್ದಿಗೆ ಒಂದು ದಿನದ ಏರಿಳಿತ ಗೊತ್ತೇ ಆಗುವುದಿಲ್ಲ. ಮೈತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ದಾಟಿಸುತ್ತ ಹೋದರೆ ಕಣ್ಣಿನ ಅಕ್ಷಿಪಟಕ್ಕೆ ಕುತ್ತು. ಅದೇ ನಿಧಾನ 2020ರಲ್ಲಿ ನಮ್ಮನ್ನು ಕಾಪಾಡಿತು. ಕೊರೋನಾಕ್ಕೆ ಇದೇ ಮದ್ದೆಂದು ಗುಲ್ಲೆದ್ದು ಅಂಗಡಿಗಳೆಲ್ಲ ಖಾಲಿಯಾಗಿ, ನಿಜವಾಗಿ ಬೇಕಾದವರು ಊರೆಲ್ಲ ಅಲೆಯುತ್ತಿದ್ದಾಗ, ಮೈಯಲ್ಲಿ ಉಳಿದಿದ್ದ ಹಳೆಯ ಮಾತ್ರೆ ಕೆಲಸ ಮಾಡುತ್ತಿತ್ತು. ಸ್ಟಿರಾಯ್ಡ್ ಮಾತ್ರ ಹೀಗಲ್ಲ. ಅದರ ಪರಿಣಾಮ ಗಂಟೆಗಳಲ್ಲಿ ಕಾಣುತ್ತದೆ, ಅದಕ್ಕೇ ಅದು ಆಸೆ ಹುಟ್ಟಿಸುತ್ತದೆ. ತಿಂಗಳಿಗೆ ಮೂರು ದಿನ ತಾನೇ ಎಂದು ನಾವೇ ಏರಿಸಿಕೊಂಡರೆ ನಿದ್ದೆ ಹಾರಿ, ಮೈಯಲ್ಲಿ ನೀರು ನಿಂತು, ಮನಸ್ಸು ಕೆರಳಿ, ಮುಟ್ಟಿನ ತಾಪತ್ರಯವೇ ಇಮ್ಮಡಿಯಾಗುತ್ತದೆ. ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರು ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ಪ್ರತಿ ತಿಂಗಳೂ ಖಚಿತವಾಗಿ ಕೆರಳುತ್ತದೆ ಎಂದು ಕ್ಯಾಲೆಂಡರ್ ತೋರಿಸಿದರೆ ಡಾಕ್ಟರ ಮುಂದೆ ಅದನ್ನೇ ಹಿಡಿಯಬೇಕು. ಚಕ್ರವನ್ನೇ ಸಮನಾಗಿಸುವ ದಾರಿಗಳು ಅವರ ಬಳಿ ಇವೆ.

ಮನೆಯ ಕಟ್ಟುಪಾಡುಗಳ ಬಗ್ಗೆ ಜಗಳಕ್ಕೆ ಈ ಲೇಖನದಲ್ಲಿ ಜಾಗವಿಲ್ಲ. ಆದರೂ ಒಂದು ಮಾತು. ಮೂರು ದಿನ ಬರಿ ನೆಲದ ಮೇಲೆ ಚಾಪೆಯಲ್ಲಿ ಮಲಗಿ, ನಾಲ್ಕನೇ ದಿನ ನಸುಕಿನಲ್ಲಿ ತಲೆಗೆ ತಣ್ಣೀರು ಹೊಯ್ದುಕೊಳ್ಳುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಲೂಪಸ್ ಇರುವ ಅನೇಕರ ಬೆರಳುಗಳು ಚಳಿಗೆ ಮೊದಲು ಬಿಳಿಚಿಕೊಂಡು ಆಮೇಲೆ ನೀಲಿಗಟ್ಟುತ್ತವೆ. ರೇನಾಡ್ ಎನ್ನುವ ತೊಂದರೆ ಅದು. ಅವರಿಗೆ ಬಿಸಿನೀರು, ದಪ್ಪ ಹಾಸಿಗೆ ಮದ್ದಿನಷ್ಟೇ ಮುಖ್ಯ. ಕಚೇರಿಯ ಕಡೆಯಿಂದ ಒಂದು ಒಳ್ಳೆಯ ಸುದ್ದಿಯಿದೆ: 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು, ಸರ್ಕಾರಿ ಮತ್ತು ಖಾಸಗಿ ಎರಡೂ ಕಡೆಗೆ. ಲೂಪಸ್ ಒಂದು ದಿನಕ್ಕೆ ಎದ್ದು ಹೋಗುವ ಅತಿಥಿಯಲ್ಲ, ನಿಜ. ಆದರೂ ಹೊಟ್ಟೆನೋವೆಂದು ಸುಳ್ಳು ಹೇಳಿ ರಜೆ ಹಾಕುತ್ತಿದ್ದವರಿಗೆ ಆ ಸುಳ್ಳು ಹೇಳುವುದು ತಪ್ಪಿತು.

ಕಳೆದ ತಿಂಗಳು ತಪಾಸಣೆ ಮುಗಿಸಿ ಹೊರಬಂದಾಗ ಕೌಂಟರಿನ ಹುಡುಗಿ ಮುಂದಿನ ರಕ್ತ, ಮೂತ್ರ ಪರೀಕ್ಷೆಗೆ 12ನೇ ತಾರೀಖು ಬರೆದುಕೊಟ್ಟಳು. ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ನನ್ನ ಕ್ಯಾಲೆಂಡರಿನ ಚಿತ್ರ ನೋಡಿ, ಆ ದಿನ ಬೇಡ, ಒಂದು ವಾರ ಬಿಟ್ಟು ಕೊಡಿ ಎಂದೆ.

‘ಊರಿಗೆ ಹೋಗುತ್ತಿದ್ದೀರಾ ಮೇಡಂ?’

‘ಇಲ್ಲಮ್ಮ, ಅವತ್ತು ಮುಟ್ಟಾಗಿರುತ್ತೇನೆ. ಮೂತ್ರದ ವರದಿ ತಪ್ಪು ಬರುತ್ತದೆ.’

ಹಿಂದೆ ನಿಂತಿದ್ದ ಹಿರಿಯರೊಬ್ಬರು ಕೈಯಲ್ಲಿದ್ದ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಹುಡುಗಿ ಒಂದು ಕ್ಷಣ ಪೆನ್ನು ತಡೆದಳು. ‘ನಾವು ಇದನ್ನು ಯಾರಿಗೂ ಕೇಳುವುದೇ ಇಲ್ಲ’ ಎಂದು ಮೆಲ್ಲಗೆ ಹೇಳಿ, 12ನ್ನು ಹೊಡೆದುಹಾಕಿ 19 ಎಂದು ಬರೆದಳು.